ಏಟು ತಿನ್ನುವುದೇ ದೊಡ್ಡ ಕೆಲಸ

ಗಡಸು ಮುಖ, ಅಗಲವಾದ ಭುಜ. ನನಗೆ ಫೈಟ್ ಪಾತ್ರಗಳು ಸಿಕ್ಕಿದ್ದು ಇವುಗಳಿಂದಲೇ. ನಟನೆ ಆಮೇಲೆ ಬಂತು. ಆದರೆ ಸಿನಿಮಾದಲ್ಲಿ ಇಷ್ಟು ಕಾಲ ಉಳಿದುಕೊಂಡಿದ್ದಕ್ಕೆ ಕಾರಣ ಬೇರೆ. ನನಗೆ ಏಟು ತಿನ್ನೋಕೆ ಚೆನ್ನಾಗಿ ಬರುತ್ತದೆ.

ಪರದೆ ಮೇಲೆ ಒಂದು ಗುದ್ದು ನಿಜ ಅನ್ನಿಸುವುದರಲ್ಲಿ ಹೊಡೆಯುವವನ ಪಾಲು ಕಡಿಮೆ. ಮುಷ್ಟಿ ಮುಖಕ್ಕೆ ತಾಗುವುದೇ ಇಲ್ಲ, ಗೇಣು ದೂರದಲ್ಲಿ ಹಾದು ಹೋಗುತ್ತದೆ. ಕ್ಯಾಮೆರಾವನ್ನು ಒಬ್ಬನ ಭುಜದ ಹಿಂದೆ ಇಡುತ್ತಾರೆ. ಮುಷ್ಟಿ, ಗಲ್ಲ ಎರಡೂ ಒಂದೇ ಗೆರೆಗೆ ಬಂದು ನಡುವಿನ ಜಾಗ ಮುಚ್ಚಿಹೋಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಹಾಕಿದರೆ ಆ ದೂರ ಇನ್ನೂ ಕುಗ್ಗುತ್ತದೆ. ಅದೇ ಗುದ್ದನ್ನು ಪಕ್ಕದಿಂದ ತೆಗೆದರೆ ಗುಟ್ಟು ರಟ್ಟು.

ಉಳಿದದ್ದು ನನ್ನ ಕುತ್ತಿಗೆಯ ಕೆಲಸ. ಎದುರಿನವನು ಬಲಗೈ ಬೀಸಿದರೆ ಏಟು ನನ್ನ ಎಡಗೆನ್ನೆಗೆ ಬಿದ್ದಂತೆ ಲೆಕ್ಕ, ತಲೆ ಬಲಕ್ಕೆ ತಿರುಗಬೇಕು. ಮೊದಲು ಗಲ್ಲ, ಅದರ ಹಿಂದೆ ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು. ಭುಜ ಮೊದಲು ಹೋದರೆ ಡ್ಯಾನ್ಸ್ ಆಗುತ್ತದೆ. ಮುಷ್ಟಿ ಬರುವ ಮೊದಲೇ ತಲೆ ತಿರುಗಿದರೆ ಜನ ನಗುತ್ತಾರೆ. ಕೆನ್ನೆ ಬಿಗಿ ಹಿಡಿಯಬಾರದು, ನಾಲಿಗೆ ಹಲ್ಲಿನ ಒಳಗೇ ಇರಬೇಕು. ಎಲ್ಲಕ್ಕಿಂತ ಮುಖ್ಯ, ಹೊಡೆಯುವ ಮುಂಚೆ ಇಬ್ಬರ ಕಣ್ಣೂ ಸೇರಬೇಕು. ನಾನು ರೆಡಿ ಅಂತ ಅವನಿಗೆ ಕಾಣದ ಹೊರತು ಕೈ ಎತ್ತುವ ಹಾಗಿಲ್ಲ.

ಸದ್ದು ಆಮೇಲೆ ಸೇರಿಸುತ್ತಾರೆ. ಅಭ್ಯಾಸ ಬಲದಿಂದ ಕೆಲವು ಹುಡುಗರು ಬಾಯಲ್ಲೇ ‘ಡಿಶುಂ’ ಅಂದುಬಿಡುತ್ತಾರೆ. ತುಟಿ ಅಲ್ಲಾಡಿದ್ದು ಕ್ಯಾಮೆರಾದಲ್ಲಿ ಚೆನ್ನಾಗೇ ಕಾಣುತ್ತದೆ!

ಬೀಳುವುದಕ್ಕೂ ಕ್ರಮ ಇದೆ. ಗಲ್ಲವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಬೀಳಬೇಕು. ಮೊಣಕೈ ಊರಬಾರದು, ಅಂಗೈ ಮತ್ತು ತೋಳು ಪೂರ್ತಿ ನೆಲಕ್ಕೆ ಬಡಿಯಬೇಕು. ಆಗ ಪೆಟ್ಟು ಹಂಚಿಹೋಗುತ್ತದೆ. ಒಡೆಯುವ ಬಾಟಲಿಗಳನ್ನು ಹಿಂದೆ ಸಕ್ಕರೆ ಪಾಕದಲ್ಲಿ ಮಾಡುತ್ತಿದ್ದರು, ಈಗ ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ಒಂದು ಅಂಟು. ಅದೂ ಚರ್ಮ ಗೀರುತ್ತದೆ, ಸುಮ್ನೆ ಆಟಿಕೆ ಅಂದುಕೊಳ್ಳಬೇಡಿ.

ಇಷ್ಟೆಲ್ಲ ಕಲಿತ ಮೇಲೂ ನಾನು ಫೈಟ್ ಇಲ್ಲದ ದೃಶ್ಯಗಳಲ್ಲಿ ಹಲ್ಲು ಕಡಿಯುತ್ತಿದ್ದೆ, ಹುಬ್ಬು ಗಂಟಿಕ್ಕುತ್ತಿದ್ದೆ. ಅದನ್ನು ಬಿಡಿಸಿದ್ದು ಹಾಲಿವುಡ್ ನಟ ಚಾರ್ಲ್ಸ್ ಬ್ರಾನ್ಸನ್. ಅವರ ಚಿತ್ರಗಳನ್ನು ಸದ್ದು ಆರಿಸಿ ನೋಡುತ್ತಿದ್ದೆ. ಮನುಷ್ಯ ಏನೂ ಮಾಡುವುದಿಲ್ಲ! ಸುಮ್ಮನೆ ನಿಲ್ಲುತ್ತಾರೆ, ನೋಡುತ್ತಾರೆ. ಎದುರಿನವನೇ ಹೆದರುತ್ತಾನೆ. 1921ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದವರು, ತಾವೂ ಗಣಿಗೆ ಇಳಿದವರು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದರು. 1974ರಲ್ಲಿ ಅವರ ‘ಡೆತ್ ವಿಶ್’ ಚಿತ್ರ ಬಂದಾಗ ವಯಸ್ಸು 52. ಯುರೋಪಿನಲ್ಲಿ ಮೊದಲೇ ಹೆಸರಿತ್ತು, ಅಮೆರಿಕದಲ್ಲಿ ದೊಡ್ಡ ತಾರೆ ಆಗಿದ್ದು ಆಮೇಲೆ. ನಲವತ್ತಾದ ಮೇಲೆ ನಮ್ಮ ಕಥೆ ಮುಗೀತು ಅನ್ನುವ ನಟರಿಗೆ ಇದನ್ನು ಹೇಳುತ್ತಿರುತ್ತೇನೆ.

ಆಮೇಲಿಂದ ಸ್ಕ್ರಿಪ್ಟ್ ಕೈಗೆ ಬಂದ ತಕ್ಷಣ ನನ್ನ ಡೈಲಾಗ್ ಕಡಿಮೆ ಮಾಡಿ ಅಂತ ಕೇಳತೊಡಗಿದೆ. ನಿರ್ದೇಶಕರಿಗೆ ಆಶ್ಚರ್ಯ. ನಟರು ಸಾಮಾನ್ಯವಾಗಿ ಜಾಸ್ತಿ ಕೇಳುತ್ತಾರೆ, ಅಲ್ವಾ? ಬೆದರಿಕೆಯ ಮಾತನ್ನು ಕಿರುಚಿ ಹೇಳುವುದರ ಬದಲು ಎದುರಿನವನ ಕಾಲರ್ ಸರಿ ಮಾಡುತ್ತಾ ಮೆಲ್ಲಗೆ ಹೇಳಿದೆ. ನನಗೆ ದೊಡ್ಡ ಪಾತ್ರಗಳು ಬರತೊಡಗಿದ್ದು ಆಗಿನಿಂದ.

ಮೈ ಮಾತ್ರ ಲೆಕ್ಕ ಇಟ್ಟುಕೊಂಡಿರುತ್ತದೆ. ಮಂಡಿ ಮೊದಲು ತಕರಾರು ತೆಗೆಯಿತು, ಆಮೇಲೆ ಸೊಂಟ. ಈಗ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಮಾತಾಡಿಬಿಡುತ್ತೇನೆ. ಬೆಂಕಿ, ಎತ್ತರದ ಜಿಗಿತ, ಗಾಡಿ ಪಲ್ಟಿಗೆ ಡೂಪ್ ಬೇಕು. ಮುಖ ಕಾಣುವ ಫೈಟ್ ನಾನೇ ಮಾಡುತ್ತೇನೆ. ಡೂಪ್ ಹಾಕಿದರೆ ಗಂಡಸುತನ ಹೋಗುತ್ತದೆ ಅನ್ನುವುದು ಬರೀ ಪೊಳ್ಳು. ಡೂಪ್ ಮಾಡಿದ ಹುಡುಗನ ಹೆಸರು ಟೈಟಲ್ ಕಾರ್ಡಿನಲ್ಲಿ ಬರಬೇಕು ಅನ್ನುವ ಷರತ್ತನ್ನೂ ಅದೇ ಒಪ್ಪಂದದಲ್ಲಿ ಸೇರಿಸುತ್ತೇನೆ.