ಶಾರ್ಟ್ ಶಿಫ್ಟರ್ ಅಲ್ಲಾಡುತ್ತಿದೆಯೇ? ಪಾನಾ ಹಿಡಿಯುವ ಮೊದಲು ವರ್ನಿಯರ್ ಹಿಡಿಯಿರಿ

ದೇವಿಮನೆ ಘಟ್ಟದ ತಿರುವಿನಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಲು ಹೋದಾಗ ಲಿವರ್ ಗಂಜಿಯೊಳಗಿನ ಸೌಟಿನಂತೆ ಓಡಾಡಿದರೆ ಶಾರ್ಟ್ ಶಿಫ್ಟರ್, ಅಂದರೆ ಕೈ ಓಡಾಟ ಕಡಿಮೆ ಮಾಡುವ ಗೇರ್ ಲಿವರ್, ಹಾಕಿಸಿದ್ದಕ್ಕೆ ಅರ್ಥವಿಲ್ಲ. ಹೊರಗಿನಿಂದ ತಂದು ಕೂರಿಸಿದ ಗೇರ್ ಲಿವರುಗಳು ವರ್ಷ ಎರಡು ವರ್ಷಕ್ಕೆ ಸಡಿಲವಾಗುವುದು ಹೊಸದೇನಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಬೋಲ್ಟ್ ಬಿಗಿ ಮಾಡುವುದು. ಅದರಿಂದ ನಾಲ್ಕು ದಿನ ಸರಿಯಾದಂತೆ ಕಾಣುತ್ತದೆ, ಆಮೇಲೆ ಮತ್ತದೇ ಕತೆ. ಬಹುಪಾಲು ಸಡಿಲಕ್ಕೆ ಕಾರಣ ಬೋಲ್ಟ್ ಅಲ್ಲ. ಲಿವರಿನ ಕೆಳತುದಿಯಲ್ಲಿ ಅಳತೆ ಕೂಡದ ಬುಶ್ (ಸವೆಯುವ ಉಂಗುರ) ಮತ್ತು ಅದರೊಳಗಿನ ಕೊಳವೆ, ಅಂದರೆ ಕಾಲರ್.

ಶಾರ್ಟ್ ಶಿಫ್ಟರ್ ಕೆಲಸ ಮಾಡುವುದು ಸನ್ನೆಗೋಲಿನ ಲೆಕ್ಕದಲ್ಲಿ. ಲಿವರಿನ ನಡುವೆ ಒಂದು ಗುಂಡು ಇರುತ್ತದೆ, ಅದೇ ತಿರುಗಣೆ. ಉದಾಹರಣೆಗೆ ಗುಂಡಿನ ಮೇಲೆ 240 ಮಿ.ಮೀ., ಕೆಳಗೆ 60 ಮಿ.ಮೀ. ಇದ್ದರೆ ಅನುಪಾತ ನಾಲ್ಕಕ್ಕೆ ಒಂದು. ಶಾರ್ಟ್ ಶಿಫ್ಟರಿನಲ್ಲಿ ಕೆಳಗಿನ ತುಂಡನ್ನು 80 ಮಿ.ಮೀ. ಮಾಡಿದರೆ ಅದು ಮೂರಕ್ಕೆ ಒಂದು. ಕೈ ಓಡಾಟ ಕಾಲು ಭಾಗ ಕಡಿಮೆಯಾಗುತ್ತದೆ, ಆದರೆ ಕೈಯ ಬಲ ಮೂರನೇ ಒಂದು ಭಾಗ ಹೆಚ್ಚು ಬೇಕು. ಆ ಹೆಚ್ಚಿನ ಬಲವನ್ನೆಲ್ಲ ಹೊರುವುದು ಗುಂಡು ಕೂರುವ ಬಟ್ಟಲು, ಅಂದರೆ ಗುಂಡಿನ ಸೀಟು. ಇನ್ನು ಕೆಳತುದಿಯ ಬುಶ್ 1 ಮಿ.ಮೀ. ಸವೆದರೆ ಮೇಲಿನ ಹಿಡಿ, ಅಂದರೆ ನಾಬ್ ಹತ್ತಿರ 3 ಮಿ.ಮೀ. ಆಟ ಕಾಣಿಸುತ್ತದೆ. ಕಣ್ಣಿಗೆ ಕಾಣದಷ್ಟು ಸವೆತವೂ ಕೈಗೆ ಸಿಗುವುದು ಇದರಿಂದಲೇ.

ಎಲ್ಲಿ ಸಡಿಲ?

ಬಿಚ್ಚುವ ಮೊದಲು ಹುಡುಕಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡೆ ಕೊಟ್ಟು, ಮೂರನೆಯ ಗೇರಿಗೆ ಹಾಕಿ. ನ್ಯೂಟ್ರಲ್‌ನಲ್ಲಿ ಪರೀಕ್ಷಿಸಬೇಡಿ, ಅಲ್ಲಿ ಅಡ್ಡ ಓಡಾಟ ಇರಲೇಬೇಕು. ಗೇರಿನಲ್ಲಿರುವಾಗಲೂ ನಾಬ್ ತುದಿಯಲ್ಲಿ ಅರ್ಧ ಸೆಂ.ಮೀ.ಯಷ್ಟು ಆಟ ಸಹಜ.

ಈಗ ಮೇಲಿನಿಂದ ಕೆಳಗೆ ಬನ್ನಿ. ನಾಬ್ ಅಲ್ಲಾಡಿ ಲಿವರಿನ ರಾಡ್ ಅಲ್ಲಾಡದಿದ್ದರೆ ತೊಂದರೆ ನಾಬಿನ ತಿರುಪಿನ ಎಳೆಯಲ್ಲಿ. ಹೋಂಡಾ ಎಳೆ ಎಂ10 x 1.5 (ವ್ಯಾಸ 10 ಮಿ.ಮೀ., ಎಳೆಗಳ ಅಂತರ 1.5 ಮಿ.ಮೀ.), ಮಾಜ್ದಾ ಮತ್ತು ನಿಸ್ಸಾನ್ ಎಂ10 x 1.25, ಟೊಯೊಟಾ ಎಂ12 x 1.25. ಹೋಂಡಾ ರಾಡಿಗೆ 1.25ರ ನಾಬ್ ಎರಡು ಸುತ್ತು ಹಿಡಿದು ಬಿಗಿಯಾದಂತೆ ನಟಿಸುತ್ತದೆ, ಎಳೆ ಹಾಳು ಮಾಡುತ್ತದೆ. ಸರಿಯಾದ ನಾಬ್ ಹಾಕಿ ಕೆಳಗೊಂದು ಲಾಕ್ ನಟ್ ಕೊಟ್ಟರೆ ಅಷ್ಟಕ್ಕೇ ಮುಗಿಯಿತು.

ಲಿವರನ್ನು ನೇರ ಮೇಲಕ್ಕೆ ಎಳೆದಾಗ ಟಕ್ ಎಂದು ಎದ್ದು ಬಂದರೆ ತೊಂದರೆ ಗುಂಡಿನ ಸೀಟು ಇಲ್ಲವೇ ಅದನ್ನು ಹಿಡಿದಿಡುವ ಬಳೆಯಂಥ ಸರ್‌ಕ್ಲಿಪ್. ತಳದ ಪ್ಲೇಟೇ ಅಲುಗಿದರೆ ಅದರ ಬೋಲ್ಟುಗಳು. ಇಲ್ಲಿ ಮಾತ್ರ ಬಿಗಿ ಮಾಡುವುದು ಮದ್ದು. ಇವೆರಡೂ ಅಲ್ಲವಾದರೆ ಫೋನನ್ನು ವಿಡಿಯೊ ಹಾಕಿ ಕಾರಿನಡಿ ಲಿವರ್ ತುದಿಯತ್ತ ಇಟ್ಟು, ಮೇಲಿನಿಂದ ಲಿವರ್ ನಿಧಾನ ಆಡಿಸಿ. ಲಿವರ್ ತುದಿ ಓಡಾಡಿದರೂ ಅಲ್ಲಿಂದ ಗೇರ್‌ಬಾಕ್ಸಿಗೆ ಹೋಗುವ ರಾಡ್ ತಡವಾಗಿ ಹೊರಟರೆ ಬುಶ್ ಸವೆದಿದೆ. ರಾಡ್ ಹೊರಟರೂ ಗೇರ್‌ಬಾಕ್ಸಿನ ಶಾಫ್ಟ್ ತಡವಾದರೆ ಅಲ್ಲಿನ ಜಾಯಿಂಟ್ ಪಿನ್. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಹಿಂದೆ ಮುಂದೆ ಜಿಗಿಯುತ್ತದೆಯೇ? ಅದು ಎಂಜಿನ್ ಕೂರುವ ಮೌಂಟ್‌ನ ದೋಷ, ಶಿಫ್ಟರ್ ಮುಟ್ಟಬೇಡಿ.

ಮುಂದಿನ ವಿವರಣೆ ಲಿವರನ್ನು ಗೇರ್‌ಬಾಕ್ಸಿಗೆ ರಾಡಿನಿಂದ ಜೋಡಿಸಿದ ಕಾರುಗಳಿಗೆ. 2003ರವರೆಗೆ ಬಂದ ಹಳೆಯ ಹೋಂಡಾ ಸಿಟಿ ಇದಕ್ಕೆ ಒಳ್ಳೆಯ ಉದಾಹರಣೆ, ಶಾರ್ಟ್ ಶಿಫ್ಟರ್ ಹುಚ್ಚಿನವರ ಕೈಯಲ್ಲಿ ಅದು ಇನ್ನೂ ಓಡುತ್ತಿದೆ. ಪೋಲೊದಂಥ ಕೇಬಲ್ ಜೋಡಣೆಯ ಕಾರುಗಳಲ್ಲಿ ಅಲ್ಲಾಟಕ್ಕೆ ಸಾಮಾನ್ಯವಾಗಿ ಕೇಬಲ್ ತುದಿಯ ಪ್ಲಾಸ್ಟಿಕ್ ಗುಂಡು-ಬಟ್ಟಲು ಕಾರಣ. ಅದನ್ನು ಬದಲಿಸಿ, ನ್ಯೂಟ್ರಲ್‌ನಲ್ಲಿ ಲಿವರ್ ಲಾಕ್ ಮಾಡಿ ಕೇಬಲ್ ಹೊಂದಿಸಿದರೆ ಆಯಿತು.

ಕಾರಿನಡಿಗೆ

ಬೇಕಾದದ್ದು: 10, 12, 14ರ ಪಾನಾ, ಸರ್‌ಕ್ಲಿಪ್ ಪ್ಲೈಯರ್, ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ), ಟಾರ್ಕ್ ರೆಂಚ್ (ಬಿಗಿಯ ಬಲ ತೋರಿಸುವ ಪಾನಾ), ಬೋಲ್ಟ್ ಸಡಿಲವಾಗದಂತೆ ಹಚ್ಚುವ ನೀಲಿ ಲಾಕ್‌ಟೈಟ್ 243, ಸಿಲಿಕೋನ್ ಗ್ರೀಸ್, 0.2 ಮತ್ತು 0.5 ಮಿ.ಮೀ. ದಪ್ಪದ ತೆಳು ಶಿಮ್ ವಾಷರ್.

ಕಾರು ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಅಂಗಳದಲ್ಲಿ ಬಿದ್ದಿರುವ ಚಿರೆಕಲ್ಲನ್ನು ಅಡಿಗೆ ಇಡುವ ಅಭ್ಯಾಸ ನಮ್ಮ ಕಡೆ ಎಲ್ಲೆಲ್ಲೂ ಇದೆ. ಗೋಡೆಗೆ ಒಳ್ಳೆಯ ಕಲ್ಲು, ಆದರೆ ಒಂದು ಮೂಲೆಗೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಮಳೆಗಾಲದ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡುಗಳ ಅಡಿಗೆ ದಪ್ಪ ಹಲಗೆ ಹಾಕಿ. ಸೈಲೆನ್ಸರ್ ಪೈಪು ಲಿವರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಓಡಿಸಿ ಬಂದ ಕಾರನ್ನು ಒಂದು ತಾಸಾದರೂ ಆರಲು ಬಿಡಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕನ್ಸೋಲ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಬೇಕು.

ನಾಬ್, ಚರ್ಮದ ಗವಸು, ಕನ್ಸೋಲ್ ತೆಗೆಯಿರಿ. ಕೆಳಗಿನಿಂದ ಹೀಟ್ ಶೀಲ್ಡ್ ಸರಿಸಿ ಲಿವರ್ ತುದಿಯ ಬೋಲ್ಟ್ ಬಿಚ್ಚಿ. ಹೊರಬಂದದ್ದನ್ನು ಬಂದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿಟ್ಟು ಫೋಟೊ ತೆಗೆದುಕೊಳ್ಳಿ: ಬೋಲ್ಟ್, ಎರಡು ಬುಶ್, ಓ-ರಿಂಗ್, ನಡುವೆ ಉಕ್ಕಿನ ಕೊಳವೆ. ಆ ಕೊಳವೆಯೇ ಕಾಲರ್.

ಇಡೀ ರಿಪೇರಿಯ ಗುಟ್ಟು ಇಲ್ಲಿದೆ. ಬೋಲ್ಟ್ ಹಿಡಿದು ಅದುಮುವುದು ಕಾಲರನ್ನು, ಬುಶ್‌ಗಳನ್ನಲ್ಲ. ಬುಶ್‌ಗಳು ಕಾಲರಿನ ಮೇಲೆ ಸಲೀಸಾಗಿ ತಿರುಗಬೇಕು. ಆದ್ದರಿಂದ ಲಿವರ್ ತುದಿಗೆ ಬುಶ್‌ಗಳನ್ನು ಕೂರಿಸಿದ ಮೇಲೆ ಬರುವ ಒಟ್ಟು ಅಗಲಕ್ಕಿಂತ ಕಾಲರ್ 0.1ರಿಂದ 0.2 ಮಿ.ಮೀ. ಉದ್ದವಿರಬೇಕು. ಹೊರಗಿನ ಲಿವರುಗಳಲ್ಲಿ ತುದಿಯ ಅಗಲ ಕಂಪನಿಯ ಲಿವರಿನಷ್ಟೇ ಇರುತ್ತದೆ ಎನ್ನುವ ಖಾತ್ರಿಯಿಲ್ಲ. ತುದಿ 1 ಮಿ.ಮೀ. ಕಿರಿದಾಗಿದ್ದು ಹಳೆಯ ಕಾಲರನ್ನೇ ಹಾಕಿದರೆ ಪಾನಾಕ್ಕೆ ಪೈಪ್ ತೂರಿಸಿ ತಿರುಗಿಸಿದರೂ ಆಟ ಹೋಗದು: ಬೋಲ್ಟ್ ಬಿಗಿಯಾಗಿದೆ, ಲಿವರ್ ಸಡಿಲವಿದೆ. ತುದಿ ಅಗಲವಾದರೆ ಬುಶ್ ಅದುಮಿಕೊಂಡು ಲಿವರ್ ಮೊಂಡಾಗುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿದು ಮತ್ತೆ ಸಡಿಲ.

ವರ್ನಿಯರಿನಲ್ಲಿ ಕಾಲರಿನ ಉದ್ದ, ಬುಶ್ ಕೂತ ತುದಿಯ ಅಗಲ ಎರಡನ್ನೂ ಅಳೆಯಿರಿ. ಕಾಲರ್ ಬೇಕಾದುದಕ್ಕಿಂತ ಉದ್ದವಾದರೆ ಹೆಚ್ಚಾದಷ್ಟಕ್ಕೆ ಶಿಮ್ ಹಾಕಿ ಅಥವಾ ತುದಿಯನ್ನು ಎಮರಿ ಕಾಗದದ ಮೇಲೆ ನೆಟ್ಟಗೆ ತಿಕ್ಕಿ ತಗ್ಗಿಸಿ. ಗಿಡ್ಡವಾದರೆ ಲೇತಿನಲ್ಲಿ ಹೊಸದು ಮಾಡಿಸುವುದೇ ಸರಿ. ಬುಶ್‌ನ ಒಳವ್ಯಾಸ ಕಾಲರಿನ ಹೊರವ್ಯಾಸಕ್ಕಿಂತ 0.3 ಮಿ.ಮೀ.ಗೂ ಹೆಚ್ಚು ಅಗಲವಾಗಿದ್ದರೆ ಬುಶ್ ಎಸೆಯಿರಿ.

ನೈಲಾನ್ ಬೇಡ

ಲೇತಿನವರು ಕೈಗೆ ಸಿಕ್ಕ ನೈಲಾನ್ ರಾಡಿನಲ್ಲಿ ಬುಶ್ ಕಡೆದು ಕೊಡುತ್ತಾರೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಕೂರುತ್ತದೆ. ಆದರೆ ನೈಲಾನ್ 6 ನೀರಲ್ಲಿ ನೆನೆದರೆ ತನ್ನ ತೂಕದ ನೂರಕ್ಕೆ 9ರಷ್ಟರವರೆಗೆ ನೀರು ಕುಡಿದು ಉಬ್ಬುತ್ತದೆ. ಕಾರವಾರದಲ್ಲಿ ಜೂನ್ ಬಂತೆಂದರೆ ಲಿವರ್ ಹಿಡಿದುಕೊಳ್ಳುತ್ತದೆ, ಬೇಸಿಗೆಗೆ ಒಣಗಿ ಮತ್ತೆ ಆಡುತ್ತದೆ. ಮಳೆಗೆ ಉಬ್ಬಿ ಸಿಕ್ಕಿಕೊಳ್ಳುವ ಮನೆಬಾಗಿಲಿನ ಕತೆಯೇ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಕೇಳಿ ಪಡೆಯಿರಿ; ಅದು ಹೀರುವ ನೀರು ನೂರಕ್ಕೆ 1ಕ್ಕಿಂತ ಕಡಿಮೆ. ಹಿತ್ತಾಳೆ ಬುಶ್ ಬಾಳಿಕೆ ಬರುತ್ತದೆ ನಿಜ, ಆದರೆ ಗೇರ್‌ಬಾಕ್ಸಿನ ಗುಂಯ್ ಸದ್ದೆಲ್ಲ ಕೈಗೆ ಬರುತ್ತದೆ. ಗ್ರೀಸ್ ಸಿಲಿಕೋನಿನದೇ ಆಗಲಿ.

ಕರಾವಳಿಯ ಇನ್ನೊಂದು ಕಾಟ ಉಪ್ಪುಗಾಳಿ. ಅಲ್ಯೂಮಿನಿಯಂ ತಳಕ್ಕೆ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಹಿಡಿತ ಹೋಗುತ್ತದೆ. ಸತುವಿನ ಲೇಪವಿರುವ 8.8 ದರ್ಜೆಯ ಬೋಲ್ಟ್ ಸಾಕು. ಸಾಮಾನ್ಯ ಎ2-70 ಸ್ಟೇನ್‌ಲೆಸ್‌ಗಿಂತ ಅದು ಗಟ್ಟಿಯೂ ಹೌದು.

ಗುಂಡಿನ ಸೀಟು, ಪಿನ್ನು

ಸೀಟಿನ ಮೇಲಿರುವ ಸರ್‌ಕ್ಲಿಪ್ ತೆಗೆದು ನೋಡಿ. ಸೀಟು ಸೀಳಿದ್ದರೆ ಬದಲಿಸಿ, ಬರೀ ಆಟವಿದ್ದರೆ ಕ್ಲಿಪ್ಪಿನ ಅಡಿಗೆ 0.2ರ ಶಿಮ್ ಒಂದೊಂದಾಗಿ ಹಾಕುತ್ತ ಹೋಗಿ. ಕೆಳತುದಿ ಬಿಚ್ಚಿರುವಾಗ ಲಿವರ್ ಒಂದೇ ಬೆರಳಿಗೆ ಓಡಾಡಬೇಕು, ಮೇಲಕ್ಕೆ ಎಳೆದರೆ ಏಳಬಾರದು. ಎರಡೂ ಒಟ್ಟಿಗೆ ಸಿಗುವಲ್ಲಿ ನಿಲ್ಲಿಸಿ. ಅಚ್ಚೊತ್ತಿದ ಸರ್‌ಕ್ಲಿಪ್ಪಿಗೆ ಒಂದು ಮಗ್ಗುಲು ದುಂಡಗೆ, ಇನ್ನೊಂದು ಚೂಪು. ದುಂಡಗಿನದು ಸೀಟಿನ ಕಡೆಗೆ, ಚೂಪು ಮೇಲಕ್ಕೆ. ತಿರುವುಮುರುವಾದರೆ ಒತ್ತಡಕ್ಕೆ ತಾನು ಕೂತ ಕಚ್ಚಿನಿಂದ ಜಾರುತ್ತದೆ.

ಗೇರ್‌ಬಾಕ್ಸ್ ಕಡೆಯ ಜಾಯಿಂಟಿನಲ್ಲಿ 8 ಮಿ.ಮೀ. ಸ್ಪ್ರಿಂಗ್ ಪಿನ್ (ಸೀಳಿದ ಕೊಳವೆಯಂಥ ಪಿನ್) ಇರುತ್ತದೆ, ಅದನ್ನು ಮುಚ್ಚಿದ ಕ್ಲಿಪ್ಪೂ ಇರುತ್ತದೆ. ಪಿನ್ನಿಗಿಂತ ತುಸು ಸಪೂರದ ಪಂಚಿನಿಂದ ಹೊಡೆದು ತೆಗೆಯಿರಿ. ಒಮ್ಮೆ ತೆಗೆದ ಪಿನ್ನಿಗೆ ಮೊದಲಿನ ಬಿಗುವು ಇರದು, ಹೊಸದನ್ನೇ ಹಾಕಿ.

ಜೋಡಿಸುವಾಗ ಎಂ8 ಬೋಲ್ಟಿಗೆ 22 ನ್ಯೂಟನ್ ಮೀಟರ್, ಎಂ6ಕ್ಕೆ 9ರಿಂದ 10. ಕಾರಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ. ಲಾಕ್‌ಟೈಟ್ ಎಳೆಗೆ ಒಂದು ಹನಿ, ಅಷ್ಟೇ. ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳಿಸುತ್ತದೆ, ಆದ್ದರಿಂದ ಪ್ಲಾಸ್ಟಿಕ್ ನಾಬಿಗೆ ಹಚ್ಚಬೇಡಿ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ರಬ್ಬರ್ ಧೂಳುಗವಸನ್ನು ಮರೆತು ಬಿಡುವವರಿದ್ದಾರೆ. ಅದಿಲ್ಲದೆ ಶಿರಸಿ ಕಡೆಯ ಕೆಂಪು ಧೂಳು ಗ್ರೀಸಿನಲ್ಲಿ ಕಲಸಿ ಎಮರಿಯಂತೆ ಗುಂಡನ್ನು ತಿನ್ನುತ್ತದೆ, ಹೊಗೆಯೂ ಒಳಬರುತ್ತದೆ.

ಕನ್ಸೋಲ್ ಹಾಕುವ ಮೊದಲು ಎಲ್ಲ ಗೇರಿಗೂ ಹಾಕಿ ನೋಡಿ. ಎರಡು ಮತ್ತು ನಾಲ್ಕರಲ್ಲಿ ಗೇರ್ ಕೂತ ಮೇಲೂ ಲಿವರ್ ತುಸು ಹಿಂದೆ ಹೋಗಲು ಜಾಗವಿರಬೇಕು. ಲಿವರ್ ತಗಡಿಗೋ ಕನ್ಸೋಲಿನ ಅಂಚಿಗೋ ಮೊದಲೇ ತಾಗಿದರೆ ಗೇರ್ ಪೂರ್ತಿ ಕೂರದೆ ಇಳಿಜಾರಿನಲ್ಲಿ ಜಿಗಿದು ಹೊರಬರುತ್ತದೆ. ತಾಗುವ ಅಂಚನ್ನು ಕೆರೆದು ಜಾಗ ಮಾಡಿ. ತಾಗದೆಯೂ ಗೇರ್ ಜಿಗಿಯುತ್ತಿದ್ದರೆ ದೋಷ ಗೇರ್‌ಬಾಕ್ಸ್ ಒಳಗಿದೆ, ಅದು ಅಂಗಳದಲ್ಲಿ ಆಗುವ ಕೆಲಸವಲ್ಲ.

ಮೊದಲ ಓಟ ಸಪಾಟು ರಸ್ತೆಯಲ್ಲಿ. ನೂರು ಕಿ.ಮೀ. ಆದ ಮೇಲೆ ತಳದ ಬೋಲ್ಟುಗಳಿಗೆ ಒಮ್ಮೆ ಟಾರ್ಕ್ ರೆಂಚ್ ಮುಟ್ಟಿಸಿ, ಆಮೇಲೆ ಅರಬೈಲು ಘಟ್ಟಕ್ಕೋ ದೇವಿಮನೆಗೋ ಹೊರಡಿ.