ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿಗೆ ಸೇರಿದ್ದೀರಾ? ಮೊದಲ ವರ್ಷ ದಾಟೋದು ಹೀಗೆ

ನೀವು ಎನರ್ಜಿ ಕಂಪನಿಗೆ ಸೇರಿದ ಮರುದಿನದಿಂದ ನೆಂಟರಿಗೆಲ್ಲ ನೀವು ಕೆಇಬಿಯವರು. ನಾನು ಸೇರಿದ ಮೊದಲ ವಾರವೇ ವಿಜಯನಗರದ ಚಿಕ್ಕಮ್ಮ ಫೋನ್ ಮಾಡಿ, "ನಮ್ಮ ಬೀದೀಲಿ ಒಂದು ಗಂಟೆಯಿಂದ ಕರೆಂಟ್ ಇಲ್ಲ ಕಣೇ, ಸ್ವಲ್ಪ ಹೇಳಿ ಹಾಕಿಸು" ಎಂದರು. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು, ನಮ್ಮದು ಗಾಳಿ ಬಿಸಿಲಿನಿಂದ ಕರೆಂಟ್ ತಯಾರಿಸುವ ಖಾಸಗಿ ಕಂಪನಿ ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಯಾವಾಗ ಬರುತ್ತೆ?" ಎಂದರು. ವಿವರಿಸೋಕೆ ಹೋಗಬೇಡಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಅಂತ ಹೇಳಿ ಮುಗಿಸಿ.

ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಗಾಜಿನ ಕಟ್ಟಡದಲ್ಲಿ ಶಿಫ್ಟ್ ಎಂಜಿನಿಯರ್. ನಾಲ್ಕು ವರ್ಷವಾಯಿತು. ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳು, ಪಾವಗಡದ ಸೋಲಾರ್ ಪ್ಯಾನೆಲ್‌ಗಳು ಎಲ್ಲ ನಮ್ಮ ಸ್ಕ್ರೀನ್ ಮೇಲೆ ಚುಕ್ಕೆಗಳು. ಹಸಿರಿದ್ದರೆ ಓಡ್ತಿದೆ, ಕೆಂಪಾದರೆ ನಿಂತಿದೆ.

ಸೇರುವ ಮುಂಚೆ ಒಂದು ಕೆಲಸ ಮಾಡಿ. ಆಫರ್ ಲೆಟರಿನ ದೊಡ್ಡ ಸಂಖ್ಯೆ ನೋಡಿ ಬೈಕ್ ಬುಕ್ ಮಾಡಬೇಡಿ. ಅದರಲ್ಲಿ ಪಿಎಫ್, ಗ್ರ್ಯಾಚುಟಿ, ಬಂದರೆ ಬಂತು ಅನ್ನುವ ವೇರಿಯಬಲ್ ಪೇ ಎಲ್ಲ ಸೇರಿರುತ್ತೆ. ತಿಂಗಳಿಗೆ ಕೈಗೆಷ್ಟು ಅಂತ ಎಚ್‌ಆರ್ ಹತ್ತಿರ ಬಾಯಿಬಿಟ್ಟು ಕೇಳಿ. ಇನ್ನೊಂದು, ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಬದಲಾಗುತ್ತಲೇ ಇರುತ್ತಾರೆ. ನನಗೆ ಮೊದಲ ವರ್ಷವೇ ಮೂವರು. ಅಪ್ರೈಸಲ್‌ಗೆ ಕೂತವರಿಗೆ ನಾನು ಏನು ಮಾಡಿದ್ದೆ ಅಂತಲೇ ಗೊತ್ತಿರಲಿಲ್ಲ. ಆಮೇಲಿಂದ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದು ನನಗೆ ನಾನೇ ಮೇಲ್ ಹಾಕಿಕೊಳ್ಳುತ್ತೇನೆ.

ಈಗ ನಿಜವಾದ ಕೆಲಸಕ್ಕೆ ಬರೋಣ. ಒಂದು ದಿನ ಅಂದರೆ ನಮಗೆ 24 ಗಂಟೆ ಅಲ್ಲ, 96 ಬ್ಲಾಕ್. ಒಂದೊಂದು 15 ನಿಮಿಷದ್ದು. ಪ್ರತಿ ಬ್ಲಾಕ್‌ನಲ್ಲಿ ಎಷ್ಟು ಕರೆಂಟ್ ಕೊಡುತ್ತೇವೆ ಅಂತ ಗ್ರಿಡ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಬೇಕು. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ವ್ಯತ್ಯಾಸ ಜಾಸ್ತಿಯಾದರೆ ದಂಡ. ಗಾಳಿ ನಮ್ಮ ಮಾತು ಕೇಳುತ್ತಾ? ಸೆಕೆಂಡಿಗೆ 6 ಮೀಟರ್ ಇದ್ದ ಗಾಳಿ 5ಕ್ಕೆ ಇಳಿದರೆ ನಿಮಗೂ ನನಗೂ ಗೊತ್ತೇ ಆಗಲ್ಲ. ಆದರೆ ಅದರಲ್ಲಿರುವ ಶಕ್ತಿ 40%ಗಿಂತ ಸ್ವಲ್ಪ ಜಾಸ್ತಿಯೇ ಬಿದ್ದುಹೋಗುತ್ತೆ, ಯಾಕೆಂದರೆ ಅದು ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಈ ಒಂದು ಲೆಕ್ಕ ತಲೆಗೆ ಹತ್ತಿದರೆ ಗಾಳಿ ಜೋರಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರೂಮಿನಲ್ಲಿ ಯಾಕೆ ಯಾರೂ ರಜೆ ಕೇಳಲ್ಲ ಅಂತ ಅರ್ಥವಾಗುತ್ತೆ. ಪಾವಗಡದ್ದು ಬೇರೆ ಪಾಡು. ಮಧ್ಯಾಹ್ನ ಒಂದು ದೊಡ್ಡ ಮೋಡ ಅಡ್ಡ ಬಂದರೆ ಸಾಕು, ಗ್ರಾಫ್ ಬಾವಿಗೆ ಬಿದ್ದ ಹಾಗೆ ಬೀಳುತ್ತೆ.

ಇದನ್ನೆಲ್ಲ ಸಾಫ್ಟ್‌ವೇರ್ ತೋರಿಸುತ್ತದೆ. ಅದು ತೋರಿಸಿದ್ದನ್ನೇ ನಂಬಿ ಕೂತರೆ ನನ್ನ ಹಾಗೆ ಆಗುತ್ತೆ.

ಸೇರಿದ ಎರಡನೇ ತಿಂಗಳು, ಜುಲೈ, ರಾತ್ರಿ ಪಾಳಿ. ದುರ್ಗದ ಸೈಟಿನಲ್ಲಿ ಒಂದು ಮಿಷನ್, ಅಂದರೆ ಗಾಳಿಯಂತ್ರ, ನಿಂತಿತು. ಗಾಳಿ ವೇಗ ನೋಡಿದೆ, 0.4. ಕಾರಣ ಬರೆಯುವ ಜಾಗದಲ್ಲಿ "ಗಾಳಿ ಇಲ್ಲ" ಅಂತ ಹಾಕಿ ಕಾಫಿ ತರಲು ಹೋದೆ. ಎರಡೂವರೆ ಗಂಟೆ ಆದ ಮೇಲೆ ಸೈಟಿನ ಹಿರಿಯ ಟೆಕ್ನಿಷಿಯನ್ ಫೋನ್ ಮಾಡಿದರು. ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯೋದು.

"ಮೇಡಂ, ಏನಾಗಿದೆ ಆ ಫ್ಯಾನಿಗೆ?"

"ಗಾಳಿ ಇಲ್ಲ ಅಣ್ಣ."

ಒಂದು ಗಳಿಗೆ ಸುಮ್ಮನಿದ್ದರು. ಫೋನಿನಲ್ಲಿ ಭರ್ರೋ ಅಂತ ಸದ್ದು. "ಇಲ್ಲಿ ನನ್ನ ಟೋಪಿ ಹಾರಿಹೋಗ್ತಿದೆ. ಅಕ್ಕಪಕ್ಕದವು ಎರಡೂ ತಿರುಗ್ತಾ ಇವೆ. ಇದೊಂದಕ್ಕೆ ಮಾತ್ರ ಗಾಳಿ ಇಲ್ಲವಾ?"

ಮೇಲಿನ ಗಾಳಿ ಅಳೆಯುವ ಬಟ್ಟಲು ಜಾಮ್ ಆಗಿತ್ತು. ಪಕ್ಕದ ಚುಕ್ಕೆ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆದ್ದರಿಂದ ಒಂದು ಮಿಷನ್ ನಿಂತರೆ ಮೊದಲು ನೆರೆಯ ಎರಡನ್ನು ನೋಡಿ, ಆಮೇಲೆ ಸೈಟಿಗೆ ಫೋನ್ ಮಾಡಿ, ಕೊನೆಗೆ ಕಾರಣ ಬರೆಯಿರಿ. ಫೋನ್ ಮಾಡಿದಾಗ "ಯಾಕೆ ನಿಂತಿದೆ?" ಅಂತ ಶುರು ಮಾಡಬೇಡಿ. ಅವರಿಗೆ ಅದು ಬೈದ ಹಾಗೆ ಕೇಳಿಸುತ್ತೆ. "ನನಗೆ ಇಲ್ಲಿ ಹೀಗೆ ಕಾಣಿಸ್ತಿದೆ ಅಣ್ಣ, ಅಲ್ಲಿ ಹೇಗಿದೆ?" ಅನ್ನಿ.

ಮೂರು ತಿಂಗಳೊಳಗೆ ಹೇಗಾದರೂ ಮಾಡಿ ಸೈಟಿಗೆ ಹೋಗಿ ಬನ್ನಿ. ಕಂಪನಿ ಕಳಿಸದಿದ್ದರೆ ನೀವೇ ಕೇಳಿ. ದುರ್ಗ ಇಲ್ಲಿಂದ 200 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ನಾನು ಹೋದ ದಿನ ಅಣ್ಣ ಬೆಲ್ಟ್ ಕಟ್ಟಿಸಿ ಏಣಿ ಹತ್ತಿಸಿದರು. ಅರ್ಧಕ್ಕೆ ಮೊಣಕಾಲು ನಡುಗೋಕೆ ಶುರು. ಕೆಳಗಿನಿಂದ, "ಏನವ್ವಾ, ಅಲ್ಲಿಂದ ಕಾಲ್ ಮಾಡಿ ಬೇಗ ಬೇಗ ಅಂತಿದ್ದಲ್ಲ?" ಎಂದು ನಕ್ಕರು. ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ಅವತ್ತಿನಿಂದ ನಾನು ಮೇಡಂ ಅಲ್ಲ.

ಇದೊಂದು ಮಾತ್ರ ತಮಾಷೆ ಅಲ್ಲ. ಟವರ್ ಮೇಲೆ ಜನ ಇದ್ದಾಗ ಮಿಷನ್ನನ್ನು ಲೋಕಲ್ ಮೋಡ್‌ಗೆ, ಅಂದರೆ ಸೈಟಿನಿಂದ ಮಾತ್ರ ನಡೆಸುವ ಹಾಗೆ, ಹಾಕಿ ಬೀಗ ಹಾಕಿರುತ್ತಾರೆ. ಆಗ ಇಲ್ಲಿಂದ ಕೊಟ್ಟ ಕಮಾಂಡ್ ನಡೆಯಬಾರದು. ನಡೆಯಲ್ಲ ಅನ್ನೋ ಧೈರ್ಯದ ಮೇಲೆ, ಮಿಷನ್ ಮತ್ತೆ ಶುರು ಮಾಡೋಕೆ ರೀಸೆಟ್ ಒತ್ತಬೇಡಿ. ಹತ್ತಿದವರು ಇಳಿದಿದ್ದೇವೆ ಅಂತ ತಮ್ಮ ಬಾಯಿಂದಲೇ ಹೇಳಬೇಕು. ಬೇರೆ ಯಾರೋ "ಇಳಿದಿರಬೇಕು" ಅಂದರೆ ಅದು ಇಳಿದ ಲೆಕ್ಕ ಅಲ್ಲ. ಮೇಲಿನವರು ಜನರೇಷನ್ ಕಡಿಮೆ ಆಯ್ತು ಅಂತ ಎಷ್ಟೇ ಕೂಗಾಡಲಿ, ಕಾಯಿರಿ.

ರಾತ್ರಿ ಪಾಳಿಗೆ ಮನೆಯಿಂದ ಮೊಸರನ್ನ ತನ್ನಿ. ಕ್ಯಾಂಟೀನಿನ ಎಣ್ಣೆ ತಿಂಡಿ ತಿಂದರೆ ಮೂರು ಗಂಟೆಗೆ ಕಣ್ಣು ಎಳೆಯುತ್ತೆ.

ಪಾಳಿ ಮುಗಿಯೋದು ಬೆಳಿಗ್ಗೆ 6ಕ್ಕೆ. 5.30ರಿಂದಲೇ ಹ್ಯಾಂಡೋವರ್ ಬರೆಯಲು ಕೂರಿ. ಯಾವ ಮಿಷನ್ ನಿಂತಿದೆ, ಯಾಕೆ, ಟವರ್ ಮೇಲೆ ಯಾರಾದರೂ ಇದ್ದಾರಾ, ಇದ್ದರೆ ಎಷ್ಟು ಜನ, ಯಾರ ಫೋನ್ ನಂಬರ್. ಇಷ್ಟನ್ನೂ ಬಂದವರಿಗೆ ಓದಿ ಹೇಳಿ, ಅವರ ಸಹಿ ಹಾಕಿಸಿಕೊಳ್ಳಿ. ಕೆಳಗೆ ಕ್ಯಾಬ್‌ನವರು ಹಾರ್ನ್ ಹೊಡೀತಾನೇ ಇರ್ತಾರೆ. ಹೊಡೀಲಿ ಬಿಡಿ.