ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕ್ರಾಸ್‌ಓವರ್: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಹಳೆಯ ಎಲೆಕ್ಟ್ರಿಕ್ ಕಾರು ನೋಡಲು ಹೋದರೆ ಮಾರುವವರು ಮೊದಲು ತೋರಿಸುವುದು ಡ್ಯಾಶ್‌ಬೋರ್ಡಿನಲ್ಲಿರುವ ರೇಂಜ್ ಅಂಕಿಯನ್ನು. ಅದನ್ನು ನೆಚ್ಚಿಕೊಳ್ಳಬೇಡಿ. ಇತ್ತೀಚಿನ ಓಡಾಟದಲ್ಲಿ ಕಾರು ಎಷ್ಟು ಕರೆಂಟ್ ತಿಂದಿದೆಯೋ ಅದರ ಮೇಲೆ ಹಾಕಿದ ಅಂದಾಜು ಅದು. ಒಂದೆರಡು ದಿನ ಮೆಲ್ಲಗೆ ಓಡಿಸಿದ್ದರೆ ಸವೆದ ಬ್ಯಾಟರಿಯೂ ದೊಡ್ಡ ಅಂಕಿಯನ್ನೇ ತೋರಿಸುತ್ತದೆ. ನಮಗೆ ಬೇಕಿರುವುದು ಬ್ಯಾಟರಿ ಈಗ ಎಷ್ಟು ಯೂನಿಟ್ ಹಿಡಿಯುತ್ತದೆ ಎಂಬ ಲೆಕ್ಕ.

ಅದನ್ನು ತೆಗೆಯುವುದು ಸುಲಭ, ಆದರೆ ಟೆಸ್ಟ್ ಡ್ರೈವ್ ಉದ್ದವಿರಬೇಕು. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಆಗಿನ ಚಾರ್ಜ್ ಶೇಕಡಾ ಬರೆದಿಟ್ಟುಕೊಂಡು ಓಡಿಸಿ. ಉದಾಹರಣೆಗೆ, ಹೊಸದರಲ್ಲಿ 39.2 ಯೂನಿಟ್ ಹಿಡಿಯುತ್ತಿದ್ದ ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಎಂದುಕೊಳ್ಳಿ. ಚಾರ್ಜ್ ಶೇ. 90ರಿಂದ 30ಕ್ಕೆ ಇಳಿಯುವಷ್ಟರಲ್ಲಿ 150 ಕಿ.ಮೀ. ಓಡಿದೆ, ಸರಾಸರಿ ಬಳಕೆ 100 ಕಿ.ಮೀ.ಗೆ 14.6 ಯೂನಿಟ್. ಅಂದರೆ ಖರ್ಚಾದದ್ದು 21.9 ಯೂನಿಟ್. ಇಳಿದದ್ದು ಶೇ. 60, ಹಾಗಾಗಿ ಇದನ್ನು 0.6ರಿಂದ ಭಾಗಿಸಿದರೆ ಪೂರ್ತಿ ಬ್ಯಾಟರಿಯ ಲೆಕ್ಕ 36.5, ಹೊಸದರ ಸುಮಾರು ಶೇ. 93. ನಾಲ್ಕೈದು ವರ್ಷದ ಕಾರಿಗೆ ಇದು ಒಳ್ಳೆಯ ಅಂಕಿ. ಶೇ. 80ಕ್ಕಿಂತ ಕೆಳಗೆ ಬಂದರೆ ಬೆಲೆ ಚೆನ್ನಾಗಿ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ಚಾರ್ಜ್ ಕನಿಷ್ಠ ಶೇ. 40ರಷ್ಟಾದರೂ ಇಳಿಯಲೇಬೇಕು. ಬರೀ ಶೇ. 10 ಇಳಿಸಿ ಲೆಕ್ಕ ಹಾಕಿದರೆ ಪರದೆಯ ಮೇಲಿನ ಒಂದು ಶೇಕಡಾ ಹೆಚ್ಚುಕಡಿಮೆಯಾದರೂ ಉತ್ತರ ಎತ್ತಲೋ ಹೋಗುತ್ತದೆ. ನಡುವೆ ಎಸಿ ಹಾಕಿಕೊಂಡು ನಿಂತಿರಬೇಡಿ. ನಿಂತಾಗ ಖರ್ಚಾಗುವ ಕರೆಂಟನ್ನು ಕೆಲವು ಕಾರುಗಳ ಟ್ರಿಪ್ ಮೀಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಕಾರಾದರೆ ಒಂದು ಎಚ್ಚರಿಕೆ. ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ, ತಿಂಗಳುಗಟ್ಟಲೆ ಪೂರ್ತಿ ಚಾರ್ಜ್ ಮಾಡದಿದ್ದರೆ ಶೇಕಡಾ ಲೆಕ್ಕವೇ ತಪ್ಪುತ್ತದೆ. ಪರೀಕ್ಷೆಗೆ ಮುಂಚೆ ಒಮ್ಮೆ ಶೇ. 100 ಮಾಡಿಸಿ.

ಇನ್ನು ಸ್ಕ್ಯಾನರ್. ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದು, ಆ ಮಾಡೆಲ್‌ಗೆ ಹೊಂದುವ ಆ್ಯಪ್ ಒಂದು ಇದ್ದರೆ ಸಾಕು. ಎಸ್‌ಒಎಚ್, ಅಂದರೆ ಬ್ಯಾಟರಿಯ ಆರೋಗ್ಯದ ಶೇಕಡಾ ಅಂಕಿ ಅದರಲ್ಲಿ ಸಿಗುತ್ತದೆ, ಆದರೆ ಅದೂ ಕಾರಿನ ಕಂಪ್ಯೂಟರ್ ಹಾಕಿದ ಅಂದಾಜೇ. ದೊಡ್ಡ ಬ್ಯಾಟರಿ ಅನೇಕ ಸಣ್ಣ ಸೆಲ್‌ಗಳ ಜೋಡಣೆ; ಎಸ್‌ಒಎಚ್‌ಗಿಂತ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್‌ಗಳ ನಡುವಿನ ಅಂತರ ನೋಡಿ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬ್ಯಾಟರಿಯಲ್ಲಿ ಚಾರ್ಜ್ ಶೇ. 20ರ ಆಸುಪಾಸಿಗೆ ಇಳಿದಾಗ, ಕಾರು ನಿಂತಿರುವಾಗ ನೋಡಬೇಕು. ಸೋತ ಸೆಲ್ ಬಯಲಾಗುವುದು ಅಲ್ಲೇ. 20 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, 50 ದಾಟಿದರೆ ಅನುಮಾನಪಡಿ. ಆಮೇಲೆ ಪಕ್ಕದಲ್ಲಿ ಕೂತವರು ಫೋನ್ ಹಿಡಿದಿರಲಿ, ನೀವು ಆಕ್ಸಿಲರೇಟರ್ ಜೋರಾಗಿ ಒತ್ತಿ: ಪ್ರತಿ ಸಲವೂ ಅದೇ ಒಂದು ಸೆಲ್ ಉಳಿದವಕ್ಕಿಂತ ಆಳಕ್ಕೆ ಕುಸಿದರೆ ಆ ಕಾರು ಬೇಡ.

ಚಾರ್ಜಿಂಗನ್ನು ಎಸಿ (ಮನೆಯಲ್ಲಿ ಸಿಗುವ ಕರೆಂಟ್), ಡಿಸಿ (ಫಾಸ್ಟ್ ಚಾರ್ಜರ್) ಎರಡರಲ್ಲೂ ಹತ್ತು ಹತ್ತು ನಿಮಿಷ ನೋಡಿ. ಎಸಿ ಚಾರ್ಜಿಂಗಿಗೆ ಕಾರಿನೊಳಗಿನ ಚಾರ್ಜರ್ ಬೇಕು, ಡಿಸಿಗೆ ಬೇಡ. ಒಂದು ಕೆಲಸ ಮಾಡಿತೆಂದು ಇನ್ನೊಂದೂ ಸರಿಯಿದೆ ಎನ್ನುವಂತಿಲ್ಲ. ಬ್ಯಾಟರಿ ತಣ್ಣಗಿದ್ದರೆ ಅಥವಾ ಶೇ. 80 ದಾಟಿದ್ದರೆ ಡಿಸಿ ನಿಧಾನವಾಗುವುದು ಸಹಜ, ಅದು ದೋಷವಲ್ಲ. ಕೊನೆಗೆ ಚಾರ್ಜಿಂಗ್ ಗನ್ (ಪ್ಲಗ್) ಹೊರತೆಗೆಯಿರಿ. ಲಾಕ್ ಸಿಕ್ಕಿಹಾಕಿಕೊಳ್ಳುವುದು ಹಳೆಯ ಕಾರುಗಳಲ್ಲಿ ಅಪರೂಪವೇನಲ್ಲ.

ಮುಂದಿನ ಬಾನೆಟ್ ಕೆಳಗೆ ಸಾಮಾನ್ಯವಾಗಿ ಇರುವ ಪುಟ್ಟ 12 ವೋಲ್ಟ್ ಬ್ಯಾಟರಿಯನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಸತ್ತರೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್ ಕೂಡಿಕೊಳ್ಳುವುದಿಲ್ಲ, ಫುಲ್ ಚಾರ್ಜ್ ಇದ್ದರೂ ಕಾರು ಎಚ್ಚರಾಗುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ: ಕಾರು ಆಫ್ ಆಗಿ ಕೆಲವು ಗಂಟೆ ನಿಂತ ಮೇಲೆ 12.4 ವೋಲ್ಟ್ ಅಥವಾ ಹೆಚ್ಚು, ಕಾರು ಆನ್ ಆಗಿ ಓಡಲು ಸಿದ್ಧವಿರುವ ರೆಡಿ ಸ್ಥಿತಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.7. ರೆಡಿಯಲ್ಲೂ 12ರ ಆಸುಪಾಸಿನಲ್ಲೇ ನಿಂತು ಇಳಿಯುತ್ತಾ ಹೋದರೆ ದೊಡ್ಡ ಬ್ಯಾಟರಿಯಿಂದ ಇದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಕೆಟ್ಟಿರಬಹುದು; ಅದು ಹೊಸ ಬ್ಯಾಟರಿಯಿಂದ ಬಗೆಹರಿಯುವ ತೊಂದರೆಯಲ್ಲ.

ಬ್ರೇಕ್ ಕಡಿಮೆ ಬಳಸಿಯೇ ಇಲ್ಲಿ ಕೆಡುತ್ತದೆ. ರೀಜನ್ (ಮೋಟಾರೇ ಕರೆಂಟ್ ಉತ್ಪಾದಿಸುತ್ತಾ ವೇಗ ತಗ್ಗಿಸುವ ವ್ಯವಸ್ಥೆ) ಕಾರನ್ನು ನಿಧಾನಗೊಳಿಸುವುದರಿಂದ ಡಿಸ್ಕಿಗೆ ಕೆಲಸವೇ ಇರುವುದಿಲ್ಲ, ಹಿಂದಿನ ಚಕ್ರಗಳಲ್ಲಂತೂ ತುಕ್ಕು ಕೂರುತ್ತದೆ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿ; ರೀಜನ್ ಇಲ್ಲದೆ ಪ್ಯಾಡ್‌ಗಳೇ ಕಾರನ್ನು ನಿಲ್ಲಿಸಬೇಕು. ಕರಕರ ಸದ್ದು ನಾಲ್ಕೈದು ಸಲದಲ್ಲಿ ಹೋದರೆ ಮೇಲ್ಪದರದ ತುಕ್ಕು. ಪೆಡಲ್ ನಡುಗುತ್ತಿದ್ದರೆ ಡಿಸ್ಕ್ ಬದಲಿಸಬೇಕಾಗಬಹುದು.

ಲಿಫ್ಟ್ ಮೇಲೆ ಏರಿಸದೆ ಹಣ ಕೊಡಬೇಡಿ. ಕಾಂಪ್ಯಾಕ್ಟ್ ಕ್ರಾಸ್‌ಓವರ್ ಎತ್ತರವಾಗಿ ಕಂಡರೂ ಬ್ಯಾಟರಿ ಪ್ಯಾಕ್ ಹೊಟ್ಟೆಯಡಿಯಲ್ಲೇ ಇರುತ್ತದೆ, ಹಂಪ್‌ಗೆ ಮೊದಲು ತಾಗುವುದೂ ಅದೇ. ಗೀರುಗಳಿಗೆ ಹೆದರಬೇಡಿ. ತಗ್ಗು, ಬಿಟ್ಟುಕೊಂಡ ಅಂಚು, ಕೂಲೆಂಟ್ ಕಲೆ ಕಂಡರೆ ತಜ್ಞರಿಗೆ ತೋರಿಸಿ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಕಣ್ಣಿಂದ ನೋಡಿ, ಕೈ ಹಾಕಬೇಡಿ.

ಕಾಗದಪತ್ರ ನೋಡುವಾಗ ಬ್ಯಾಟರಿ ವಾರಂಟಿ ಹೊಸ ಮಾಲೀಕರಿಗೂ ದಾಟುತ್ತದೆಯೇ ಎಂದು ಓದಿ. ಹಲವು ಕಂಪನಿಗಳದ್ದು 8 ವರ್ಷ ಅಥವಾ 1,60,000 ಕಿ.ಮೀ., ಬ್ಯಾಟರಿ ಹಿಡಿಯುವ ಯೂನಿಟ್ ಹೊಸದರ ಶೇ. 70ಕ್ಕಿಂತ ಕೆಳಗಿಳಿದರೆ ಅನ್ವಯ. ಚಾಸಿಸ್ ನಂಬರ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕಾರನ್ನು ವಾಪಸ್ ಕರೆಸುವುದು) ಬಾಕಿ ಇದೆಯೇ ಎಂದೂ ತಿಳಿದುಕೊಳ್ಳಿ. 2020–21ರಲ್ಲಿ ಕೋನಾ ಎಲೆಕ್ಟ್ರಿಕ್, 2021ರಲ್ಲಿ ಷೆವ್ರೊಲೆ ಬೋಲ್ಟ್ ಬೆಂಕಿಯ ಅಪಾಯದ ಕಾರಣಕ್ಕೆ ರೀಕಾಲ್ ಆಗಿದ್ದವು. ಅವುಗಳಲ್ಲಿ ಅನೇಕಕ್ಕೆ ಪ್ಯಾಕನ್ನೇ ಬದಲಿಸಿದರು. ಅಂಥ ಕಾರು ಕೈಗೆ ಸಿಕ್ಕರೆ ಓಡೋಮೀಟರ್ ಎಷ್ಟೇ ತೋರಿಸಲಿ, ಬ್ಯಾಟರಿಯ ವಯಸ್ಸನ್ನು ಬದಲಿಸಿದ ದಿನದಿಂದ ಎಣಿಸಿ.